ಬಡಾವಣೆಯ ಪಾರ್ಕಿಗೆ ಜನ ಬರುವ ಹಾಗೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಹಾಸನದ ನಿಮ್ಮ ಬಡಾವಣೆಯ ಪಾರ್ಕಿಗೆ ಬೇಲಿ, ಜೋಕಾಲಿ, ಓಪನ್ ಜಿಮ್ ಎಲ್ಲ ಬಂದು ವರ್ಷವಾಗಿದೆ. ಈಗ ಕಳೆ ತುಂಬಿ ಯಾರೂ ಕಾಲಿಡುತ್ತಿಲ್ಲ. ಸಂಘದ ಹತ್ತಿರ ಸ್ವಲ್ಪ ದುಡ್ಡಿದೆ, ಅದನ್ನು ಯಾವುದಕ್ಕೆ ಹಾಕೋದು ಅಂತ ಕೇಳಿದ್ದೀರಿ. ನಾನೂ ಇದೇ ಊರಿನವನು, ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಪಾರ್ಕಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ.

ಹೊಸ ಸಾಮಾನಿಗೆ ಮಾತ್ರ ಹಾಕಬೇಡಿ. ದಿನಾ ಗೊತ್ತಾದ ಹೊತ್ತಿಗೆ ಅಲ್ಲಿ ಏನಾದರೂ ನಡೆಯುವ ಹಾಗೆ ನೋಡಿಕೊಳ್ಳಿ. ಮಹಾರಾಜ ಪಾರ್ಕಿಗೆ ಜನ ತಾವಾಗೇ ಹೋಗುತ್ತಾರೆ. ಅದು ಊರ ನಡುವೆ ಇದೆ, ದೊಡ್ಡ ಮರಗಳ ನೆರಳಿದೆ. ಬಡಾವಣೆಯ ಪಾರ್ಕಿಗೆ ಆ ಅನುಕೂಲ ಇಲ್ಲ. ಸಂಜೆ ಐದಕ್ಕೆ ಹೋದರೆ ನಾಲ್ಕು ಜನ ಇದ್ದೇ ಇರುತ್ತಾರೆ ಅನ್ನೋ ನಂಬಿಕೆ ಬಂದರೆ ಮಾತ್ರ ಐದನೆಯವರು ಮನೆಯಿಂದ ಹೊರಡುತ್ತಾರೆ. ಜನ ಓಡಾಡುವ ಕಡೆ ಬಾಟಲಿ ಒಡೆಯುವವರೂ ಕೂರುವುದಿಲ್ಲ.

ನಮ್ಮಲ್ಲಿ ದೊಡ್ಡ ಜಗಳ ಇದ್ದದ್ದು ಹುಡುಗರ ಕ್ರಿಕೆಟ್‌ಗೂ ವಾಕಿಂಗ್ ಮಾಡುವ ಹಿರಿಯರಿಗೂ. ಒಬ್ಬ ಅಜ್ಜಿಯ ಮೊಣಕಾಲಿಗೆ ಚೆಂಡು ಬಿದ್ದ ಮೇಲೆ 'ಇಲ್ಲಿ ಆಟ ಆಡಬಾರದು' ಅಂತ ಬೋರ್ಡ್ ಹಾಕಿ ಅಂದರು. ನಾನು ಒಪ್ಪಲಿಲ್ಲ. ಆಟ ನಿಲ್ಲಿಸಿದ ಪಾರ್ಕಿಗೆ ಮಕ್ಕಳು ಬರೋಲ್ಲ. ಮಕ್ಕಳು ಬರದಿದ್ದರೆ ಅಮ್ಮಂದಿರೂ ಬರೋಲ್ಲ. ಅದಕ್ಕೇ ಹೊತ್ತು ಹಂಚಿದೆವು. ನಾಲ್ಕೂವರೆಯಿಂದ ಆರರವರೆಗೆ ಮಕ್ಕಳದು, ಆಮೇಲೆ ನಡೆಯುವವರದು. ಕ್ರಿಕೆಟ್ ಆಡುವ ದೊಡ್ಡ ಹುಡುಗರನ್ನು ಮೈದಾನಕ್ಕೆ ಕಳಿಸಿ, ಪಾರ್ಕಿನಲ್ಲಿ ಲಗೋರಿ, ಕುಂಟೆಬಿಲ್ಲೆ, ಖೊಖೊ ಶುರು ಮಾಡಿದೆವು. ಲಗೋರಿಗೆ ಬೇಕಾದ್ದು ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು. ಅದನ್ನು ಹೇಳಿಕೊಟ್ಟಿದ್ದು ಆ ಅಜ್ಜಿಯೇ.

ಹೆಂಗಸರನ್ನು ಕೇಳದೆ ವೇಳಾಪಟ್ಟಿ ಮಾಡಬೇಡಿ. ಬೆಳಿಗ್ಗೆ ಆರಕ್ಕೆ ಯೋಗ ಇಟ್ಟರೆ ಗಂಡಸರಷ್ಟೇ ಬರುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ತಿಂಡಿ, ಡಬ್ಬಿ, ಸ್ಕೂಲು ಅಂತ ಯಾರು ಓಡಾಡುತ್ತಿರುತ್ತಾರೆ ಹೇಳಿ? ನಮ್ಮಲ್ಲಿ ಹತ್ತೂವರೆಗೆ ಇಟ್ಟ ಮೇಲೆ ಚಾಪೆ ಹಾಸಲು ಜಾಗ ಸಾಲದಾಯಿತು. ಶೌಚಾಲಯ, ಬೆಳಕು ಸರಿ ಇರಬೇಕು. ಕೆಟ್ಟ ಬಲ್ಬು ಬದಲಾಯಿಸುವುದಕ್ಕಿಂತ ಅಗ್ಗದ ಕೆಲಸ ಪಾರ್ಕಿನಲ್ಲಿ ಇನ್ನೊಂದಿಲ್ಲ.

ಬೇಸಿಗೆ ಶಿಬಿರ ಮಾಡೋದಾದರೆ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಮೇ ತಿಂಗಳಲ್ಲಿ ಅರ್ಧ ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರುತ್ತದೆ. ಮೈಕ್ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ಹಗಲಿನಲ್ಲೂ ಪಕ್ಕದ ಮನೆಯಲ್ಲಿ ಮಲಗಿರುವ ರೋಗಿಯ ಬಗ್ಗೆ ಯೋಚಿಸಿ.

ಕಳೆ ವಿಷಯ. ನಮ್ಮ ಕಡೆ ಪಾರ್ಕು ಹಾಳಾಗುವುದು ಹೆಚ್ಚಾಗಿ ಪಾರ್ಥೇನಿಯಂನಿಂದ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಬಿಳಿ ಹೂ ಬಿಟ್ಟ ಮೇಲೆ ಕತ್ತರಿಸಿದರೆ ಸುಮ್ನೆ ಬೀಜ ಹರಡಿದ ಹಾಗೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿಸಿ. ಕೈಗವಸು ಕಡ್ಡಾಯ. ಮೈ ತುರಿಕೆ ಬರುತ್ತದೆ, ಉಬ್ಬಸ ಇರುವವರಿಗಂತೂ ಬಹಳ ಕಷ್ಟ. ಮಾಲಿಗೆ ಬರಿಗೈಲಿ ಕೀಳು ಅನ್ನಬೇಡಿ, ಅವರ ಸಂಬಳವನ್ನೂ ತಡ ಮಾಡಬೇಡಿ. ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಮಾಲಿಗೂ ನೀರಿಗೂ ಹೋಗಲಿ.

ಜೋಕಾಲಿಯನ್ನು ತಿಂಗಳಿಗೊಮ್ಮೆ ನೀವೇ ನೋಡಿ. ಸೀಟು ನೋಡಿದರೆ ಸಾಲದು, ಏಣಿ ಹಾಕಿ ಮೇಲಿನ ಕೊಂಡಿ ನೋಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉಜ್ಜಿ ಒಳಗಿನ ಬಾಗು ಸವೆದಿರುತ್ತದೆ. ಕೆಳಗೆ ನಿಂತರೆ ಅದು ಕಾಣಿಸೋದೇ ಇಲ್ಲ. ಸ್ವಲ್ಪ ಸವೆದಿದ್ದರೂ ಅವತ್ತೇ ಕಟ್ಟಿಹಾಕಿ, ಮಕ್ಕಳು ಅತ್ತರೂ ಪರವಾಗಿಲ್ಲ. ಕೆಳಗೆ ಸಿಮೆಂಟ್ ಹಾಕಿಸಬೇಡಿ, ಮರಳು ತುಂಬಿಸಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಾರ್ಕ್ ಖಾಲಿ ಇದ್ದರೆ ಮೂಲೆಯಲ್ಲಿ ಒಂದು ಭವನವೋ ಗುಡಿಯೋ ಕಟ್ಟೋಣ ಅನ್ನುವವರು ಬಂದೇ ಬರುತ್ತಾರೆ. ಒಪ್ಪಬೇಡಿ. ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂತ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಕೊಡಬಾರದು ಅಂದ ಮೇಲೆ ಭವನದ ಮಾತೇನು? ಮಂಜೂರಾದ ಬಡಾವಣೆ ನಕ್ಷೆಯ ಪ್ರತಿ ಈಗಲೇ ತೆಗೆದಿಟ್ಟುಕೊಳ್ಳಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಲೇಬೇಕು.

ನಿಮ್ಮ ಪಾರ್ಕಿನಲ್ಲಿ ಬೋರ್‌ವೆಲ್ ಇದೆಯಾ, ಪಡುವಣ ದಿಕ್ಕಿಗೆ ಮರಗಳಿವೆಯಾ? ತಿಳಿಸಿದರೆ ಯಾವ ಗಿಡ ನೆಡಬಹುದು ಅಂತ ಹೇಳುತ್ತೇನೆ.