‘ಕಂಪನಿ ನಿಯಮದಂತೆ’ ಎಂದಷ್ಟೇ ಬರೆದಿದ್ದರೆ ಸಹಿ ಹಾಕಬಹುದೇ?

ಪ್ರಶ್ನೆ: ನಾನು ಕೇರಳದ ಬದಿಯಡ್ಕ ಸಮೀಪದವಳು, ವಯಸ್ಸು 29. ಎಂ.ಕಾಂ., ಬಿ.ಎಡ್. ಆಗಿದೆ. ಈಗ ಎರಡು ಕೆಲಸ ಒಟ್ಟಿಗೆ ಬಂದಿವೆ. ಒಂದು ಇಲ್ಲೇ ಹತ್ತಿರದ ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ, ಸಂಬಳ 18 ಸಾವಿರ. ಇನ್ನೊಂದು ಮಂಗಳೂರಿನ ಆಫೀಸಿನಲ್ಲಿ ಅಕೌಂಟ್ಸ್, 27 ಸಾವಿರ. ಮುಂದಿನ ವರ್ಷ ಮಗು ಬೇಕೆಂದು ನಾವಿಬ್ಬರೂ ಯೋಚಿಸಿದ್ದೇವೆ. ಮಂಗಳೂರಿನವರ ಆಫರ್ ಲೆಟರ್‌ನಲ್ಲಿ ಹೆರಿಗೆ ರಜೆ ‘ಕಂಪನಿ ನಿಯಮದಂತೆ’ ಎಂದಷ್ಟೇ ಇದೆ. ಅರ್ಧ ದಿನದ ಕೆಲಸಕ್ಕೆ ಅವಕಾಶ ಉಂಟಾ ಎಂದು ಕೇಳಿದ್ದಕ್ಕೆ “ಆಗ ನೋಡುವ” ಅಂದರು. ಶಾಲೆಯವರು ಕೊಡುವುದು ಹತ್ತು ತಿಂಗಳ ಆರ್ಡರ್. ಜಾಸ್ತಿ ಕೇಳಿದರೆ ಕೆಲಸವೇ ತಪ್ಪೀತೆಂದು ಹೆದರಿಕೆ. ಏನನ್ನು ನೋಡಿ ತೀರ್ಮಾನಿಸಲಿ ಮೇಡಂ?

ಉತ್ತರ: ಮಗುವಿನ ಯೋಚನೆ ಇದೆಯೆಂದು ನೀವು ಯಾರಿಗೂ ಹೇಳಬೇಕಾಗಿಲ್ಲ. “ಉದ್ಯೋಗಿಗಳ ರಜೆ ನಿಯಮಾವಳಿ ಪೂರ್ತಿ ಕಳಿಸಿಕೊಡಿ, ಓದಿ ಸಹಿ ಮಾಡುತ್ತೇನೆ” ಎಂದು ಒಂದು ಇಮೇಲ್ ಹಾಕಿ, ಸಾಕು. ಪಿಎಫ್, ಗ್ರಾಚ್ಯುಯಿಟಿ, ಸಿಕ್ ಲೀವ್ ಎಲ್ಲದರ ಜೊತೆ ಹೆರಿಗೆ ರಜೆಯೂ ಅದರಲ್ಲಿ ಬರಬೇಕು. ಹೆರಿಗೆ ಸೌಲಭ್ಯಗಳೇನೆಂದು ನೇಮಕದ ಹೊತ್ತಿಗೇ ಪ್ರತಿ ಮಹಿಳೆಗೂ ಲಿಖಿತವಾಗಿ ತಿಳಿಸಬೇಕೆಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಬಂದಿದೆ. ಹಾಗಾಗಿ ನೀವು ಕೇಳುವುದು ಅವರು ತಾವಾಗಿಯೇ ಕೊಡಬೇಕಾದ ಕಾಗದ.

ಇಪ್ಪತ್ತು ವರ್ಷ ಎಚ್‌ಆರ್ ವಿಭಾಗದಲ್ಲಿದ್ದವಳು ನಾನು. ‘ಕಂಪನಿ ನಿಯಮದಂತೆ’ ಎಂಬ ಆ ಎರಡು ಪದಗಳನ್ನು ನಾನೇ ಎಷ್ಟೋ ಲೆಟರ್‌ಗಳಲ್ಲಿ ಟೈಪ್ ಮಾಡಿದ್ದೇನೆ. ಕೆಲವು ಕಡೆ ಅದರ ಹಿಂದೆ ನಿಜಕ್ಕೂ ನಿಯಮಾವಳಿ ಇತ್ತು, ಕೆಲವು ಕಡೆ ಏನೂ ಇರಲಿಲ್ಲ. ಕಾಗದ ತೋರಿಸಲು ಹಿಂದೇಟು ಹಾಕಿದರೆ ಎರಡನೆಯ ಜಾತಿ ಎಂದು ತಿಳಿಯಿರಿ.

ಇನ್ನು 26 ವಾರದ ಸಂಬಳ ಸಹಿತ ರಜೆ. ಮೊದಲ ಎರಡು ಮಕ್ಕಳಿಗೆ ಇದನ್ನು ಕಾನೂನೇ ಕೊಟ್ಟಿದೆ, ಯಾರ ಕೃಪೆಯೂ ಬೇಡ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ 12 ವಾರವನ್ನು 2017ರಲ್ಲಿ 26ಕ್ಕೆ ಏರಿಸಿದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೆಯೇ ಇದೆ. ಕೇಂದ್ರದ ಕಾನೂನಾದ್ದರಿಂದ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ವ್ಯತ್ಯಾಸವಿಲ್ಲ. ಆಫೀಸಿನಲ್ಲಿ ಹತ್ತು ಜನರಾದರೂ ಇರಬೇಕು, ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ ನೀವು ಅಲ್ಲಿ 80 ದಿನ ಕೆಲಸ ಮಾಡಿರಬೇಕು. ತಿಂಗಳ ವೇತನ 21 ಸಾವಿರದೊಳಗಿದ್ದು ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಸೇರಿಸಿದ್ದರೆ ಹಣ ಅಲ್ಲಿಂದ ಬರುತ್ತದೆ. 27 ಸಾವಿರದ ಕೆಲಸದಲ್ಲಿ ಮಾಲಕರೇ ಕೊಡಬೇಕು. ಆದ್ದರಿಂದ ಆಫೀಸಿನಲ್ಲಿ ಎಷ್ಟು ಜನರಿದ್ದಾರೆಂದು ತಿಳಿದುಕೊಳ್ಳಿ.

ಶಾಲೆಯ ವಿಷಯದಲ್ಲಿ ಕೇರಳದ ಟೀಚರುಗಳಿಗೆ ಒಂದು ಬಲ ಇದೆ. ಖಾಸಗಿ ಅನುದಾನರಹಿತ ಶಾಲೆಗಳ ಶಿಕ್ಷಕಿಯರನ್ನು ದೇಶದಲ್ಲಿ ಮೊದಲು ಈ ಕಾಯ್ದೆಯ ಅಡಿಗೆ ತಂದದ್ದು ಕೇರಳ ಸರ್ಕಾರ, 2020ರಲ್ಲಿ. ಹತ್ತು ತಿಂಗಳ ಆರ್ಡರಿಗೆ ಹೆದರಿ ಹಕ್ಕು ಬಿಡಬೇಡಿ. ರಜೆಯ ನಡುವೆ ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಿಗಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ ಆ ತೀರ್ಪು ನಿಮಗೆ ಹಣ ಕೊಡಿಸೀತು, ಜೂನ್‌ನಲ್ಲಿ ಪುನಃ ಆರ್ಡರ್ ಕೊಡಿಸಲಾರದು. ನನಗೆ ಚಿಂತೆ ಇರುವುದು ಅಲ್ಲಿ.

ನನ್ನ ದೊಡ್ಡ ಮಗಳು ಹುಟ್ಟಿದಾಗ 12 ವಾರಕ್ಕೇ ಕೆಲಸಕ್ಕೆ ಮರಳಿದೆ. ರಜೆ, ಸಂಬಳ ಎರಡೂ ಸರಿಯಾಗಿ ಸಿಕ್ಕಿತ್ತು. ಮರಳಿದ ದಿನ ನೋಡಿದರೆ ನನ್ನ ಮೇಜು ಬೇರೆಯವರ ಪಾಲಾಗಿತ್ತು. ಮಧ್ಯಾಹ್ನ ಎದೆ ಕಟ್ಟಿ ನೋವು ತಡೆಯಲಾಗದೆ ಹಳೇ ಫೈಲುಗಳ ಕೋಣೆಗೆ ಹೋಗುತ್ತಿದ್ದೆ. ಚಿಲಕ ಇರಲಿಲ್ಲ, ಜೊತೆಯ ಹುಡುಗಿಯೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಸ್ಟೀಲ್ ಲೋಟಕ್ಕೆ ಹಿಂಡಿದ ಹಾಲನ್ನು ಬೇಸಿನ್ನಿಗೆ ಸುರಿದು, ಸೆರಗು ಸರಿಮಾಡಿಕೊಂಡು ಬಂದು ಕೂರುತ್ತಿದ್ದೆ. ಅಂದಿನಿಂದ ಯಾವ ಹುಡುಗಿ ಆಫರ್ ಲೆಟರ್ ತೋರಿಸಿದರೂ ಕೇಳುವುದು ಒಂದೇ: ಅಲ್ಲಿ ಹೆತ್ತು ಮರಳಿದವರು ಈಗ ಯಾವ ಹುದ್ದೆಯಲ್ಲಿದ್ದಾರೆ?

ನೀವೂ ಅದನ್ನೇ ಪತ್ತೆ ಮಾಡಿ. ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವ ಹೆಂಗಸರಲ್ಲಿ ಆ ಆಫೀಸಿನವರೋ ಅವರ ಪರಿಚಯದವರೋ ಸಿಕ್ಕೇ ಸಿಗುತ್ತಾರೆ. ಮೂರು ವರ್ಷದಲ್ಲಿ ಎಷ್ಟು ಮಂದಿ ಹೆರಿಗೆ ರಜೆ ತೆಗೆದುಕೊಂಡರು, ಮರಳಿದವರೆಷ್ಟು, ಒಂದು ವರ್ಷದೊಳಗೆ ಬಿಟ್ಟವರೆಷ್ಟು ಎಂದು ಕೇಳಿ. ಶಾಲೆಯ ಬಗ್ಗೆ ಊರಿನಲ್ಲೇ ಗೊತ್ತಾಗುತ್ತದೆ.

ಅರ್ಧ ದಿನದ ಕೆಲಸಕ್ಕೆ ನಮ್ಮ ಕಾನೂನಿನಲ್ಲಿ ಹಕ್ಕು ಇಲ್ಲ. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಒಪ್ಪುವುದಾದರೆ, ಇಬ್ಬರೂ ಸಮ್ಮತಿಸಿ ಮನೆಯಿಂದ ಕೆಲಸ ಮಾಡಬಹುದೆಂದಷ್ಟೇ ಇದೆ. ಅಂದರೆ “ಆಗ ನೋಡುವ” ಎಂಬ ಮಾತಿಗೆ ಬೆಲೆ ಸೊನ್ನೆ. ಮೂರು ತಿಂಗಳೋ ಆರು ತಿಂಗಳೋ, ವಾರಕ್ಕೆ ಎಷ್ಟು ದಿನ, ಸಂಬಳ ಎಷ್ಟು, ಪೂರ್ಣಾವಧಿಗೆ ಮರಳುವುದು ಯಾವಾಗ ಎಂದು ಬರವಣಿಗೆಯಲ್ಲಿ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಲ್ಲೊಂದು ಅಪಾಯ ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ. ಮಾಲಕರು ಕೊಡುವ ಹೆರಿಗೆ ರಜೆಯ ಹಣವನ್ನು ಲೆಕ್ಕ ಹಾಕುವುದು ರಜೆಗೆ ಹೊರಡುವ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಮೇಲೆ. ಎಂಟನೇ ತಿಂಗಳಲ್ಲಿ ಸೊಂಟನೋವು, ಬಸ್ಸಿನ ಕುಲುಕಾಟ ಎಂದು ನೀವು ದಿನಾ ಅರ್ಧ ದಿನ, ಅರ್ಧ ಸಂಬಳಕ್ಕೆ ಒಪ್ಪಿದಿರೆನ್ನಿ, ಆ ಸರಾಸರಿ ಇಳಿದಷ್ಟೂ 26 ವಾರದ ಹಣವೂ ಇಳಿಯುತ್ತದೆ. ಹಾಗೆ ಕಷ್ಟವಾದರೆ ಹೆರಿಗೆಗೆ ಮುಂಚೆ ಎಂಟು ವಾರದ ತನಕ ರಜೆಯನ್ನೇ ತೆಗೆದುಕೊಳ್ಳಬಹುದು. ಅರ್ಧ ದಿನದ ಏರ್ಪಾಡು ಏನಿದ್ದರೂ ಬಾಣಂತನ ಮುಗಿದ ಮೇಲೆ.

50 ಜನರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಲು ಎರಡು ಬಿಡುವು ಬೇರೆ. ಕೇಳಲು ಚೆಂದ. ಆದರೆ ಬದಿಯಡ್ಕದಿಂದ ಮಂಗಳೂರಿಗೆ ಆರು ತಿಂಗಳ ಕೂಸನ್ನು ಎತ್ತಿಕೊಂಡು ದಿನಾ ಹೋಗಲಿಕ್ಕುಂಟೇ? ನಿಮ್ಮ ಮಟ್ಟಿಗೆ ಅಲ್ಲಿನ ಎಷ್ಟು ಒಳ್ಳೆಯ ಕೊಠಡಿಗಿಂತಲೂ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸವೇ ಮೇಲು. ಅಕೌಂಟ್ಸ್ ಕೆಲಸಕ್ಕೆ ಅದು ಹೊಂದುತ್ತದೆ, ಟೀಚರ್ ಕೆಲಸಕ್ಕೆ ಹೊಂದದು.

ನನ್ನ ಅಭಿಪ್ರಾಯ ಹೇಳುವುದಾದರೆ, ಮನೆಯಿಂದ ಕೆಲಸದ ಮಾತನ್ನು ಬರೆದುಕೊಟ್ಟರೆ ಮಂಗಳೂರಿಗೆ ಹೋಗಿ. ಕೊಡದಿದ್ದರೆ, ಶಾಲೆಯವರಲ್ಲಿ ಹನ್ನೆರಡು ತಿಂಗಳ ಆರ್ಡರ್ ಕೇಳಿ. ಅಲ್ಲಿ ಹೆತ್ತು ಮರಳಿದ ಟೀಚರ್ ಒಬ್ಬರಾದರೂ ಇದ್ದರೆ ಒಂಬತ್ತು ಸಾವಿರ ಕಡಿಮೆಯಾದರೂ ನಾನು ಅದನ್ನೇ ಆರಿಸುತ್ತಿದ್ದೆ. ಎರಡೂ ಕಡೆಯವರು ಬಾಯಿಮಾತಿನಲ್ಲೇ ಸಾಗಹಾಕಿದರೆ ಈಗಿನ ಕೆಲಸ ಯಾವುದಾದರೂ ಇದ್ದಲ್ಲಿ ಬಿಡಬೇಡಿ. ಇಮೇಲ್ ಇವತ್ತೇ ಹಾಕಿ, ಉತ್ತರ ಬಂದರೆ ನನಗೂ ಕಳಿಸಿ, ಓದಿ ಹೇಳುತ್ತೇನೆ.