ನಡುಮನೆಯಲ್ಲಿ ಓಡುವ ನೆಟ್ ಒಳಕೋಣೆಯಲ್ಲಿ ಯಾಕೆ ನಿಲ್ಲುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ದೂರು. ಮನೆಯ ಒಂದು ಕಡೆ ವೈಫೈ ಚೆನ್ನಾಗಿದೆ, ಇನ್ನೊಂದು ಕಡೆ ಇಲ್ಲ. ಶಿವಮೊಗ್ಗ ಸುತ್ತಮುತ್ತ ಮನೆ, ಅಂಗಡಿಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದೇ ನನ್ನ ಕೆಲಸ. ಇದು ನಾನು ದಿನಾ ನೋಡುವ ತೊಂದರೆ. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ, ಉಳಿದ ಮೂವರೂ ಅದನ್ನು ಓದಿಕೊಳ್ಳಬೇಕು.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಫೈಬರ್ ಬಾಕ್ಸ್ ಜಗುಲಿಯ ಮೂಲೆಯಲ್ಲಿದೆ. ಜಗುಲಿ, ನಡುಮನೆಯಲ್ಲಿ ನೆಟ್ ಚೆನ್ನಾಗಿ ಬರುತ್ತದೆ. ಅಡುಗೆಮನೆಯ ಆಚೆಯ ಕೋಣೆಯಲ್ಲಿ ಕೂತು ಮಗಳು ಆಫೀಸ್ ಕೆಲಸ ಮಾಡುತ್ತಾಳೆ. ಅಲ್ಲಿ ಮೀಟಿಂಗ್ ನಡೆಯುವಾಗ ಮಾತು ತುಂಡು ತುಂಡಾಗುತ್ತದೆ. ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹಂಚುವ ರಿಪೀಟರ್ ತಂದು ಅವಳ ಮೇಜಿನ ಪಕ್ಕದ ಪ್ಲಗ್ಗಿಗೆ ಹಾಕಿದೆವು. ಈಗ ಸಿಗ್ನಲ್ ಫುಲ್ ತೋರಿಸುತ್ತದೆ, ಮೀಟಿಂಗ್ ಮಾತ್ರ ಹಾಗೇ ಇದೆ. ಈಗಿರುವುದು 50 ಎಂಬಿಪಿಎಸ್ ಪ್ಲಾನ್. 200ಕ್ಕೆ ಹೋದರೆ ಸರಿಯಾದೀತೇ?

ಉತ್ತರ: ದಯವಿಟ್ಟು ಪ್ಲಾನ್ ಬದಲಿಸಬೇಡಿ. ಒಂದು ವಿಡಿಯೊ ಮೀಟಿಂಗಿಗೆ ನಾಲ್ಕೈದು ಎಂಬಿಪಿಎಸ್ ಧಾರಾಳವಾಗಿ ಸಾಕು. ನಿಮ್ಮ 50 ಜಗುಲಿಯ ತನಕ ಬರುತ್ತಿದೆ. ಅಲ್ಲಿಂದ ಒಳಗೆ ಹೋಗುವ ದಾರಿಯಲ್ಲಿ ಕಳೆದುಹೋಗುತ್ತಿದೆ. ಹೊರಗಿನಿಂದ 200 ತಂದರೂ ಕಳೆಯುವ ಜಾಗ ಅದೇ ಅಲ್ವಾ?

ರಿಪೀಟರ್ ಯಾಕೆ ಕೈಕೊಟ್ಟಿತು ಎಂದು ಮೊದಲು ಹೇಳುತ್ತೇನೆ. ಲ್ಯಾಪ್‌ಟಾಪ್ ತೋರಿಸುವ ಫುಲ್ ಸಿಗ್ನಲ್ ಅದಕ್ಕೂ ರಿಪೀಟರಿಗೂ ನಡುವಿನದ್ದು. ಎರಡೂ ಒಂದೇ ಮೇಜಿನ ಹತ್ತಿರ ಇವೆ, ಫುಲ್ ಇರಲೇಬೇಕು. ಆದರೆ ಆ ರಿಪೀಟರಿಗೆ ಜಗುಲಿಯಿಂದ ಬರುವ ಸಿಗ್ನಲ್ ಎಷ್ಟು? ಮೊದಲು ಲ್ಯಾಪ್‌ಟಾಪಿಗೆ ಬರುತ್ತಿದ್ದಷ್ಟೇ. ಸಿಗ್ನಲ್ ಸತ್ತ ಜಾಗದಲ್ಲಿ ರಿಪೀಟರ್ ಇಟ್ಟರೆ ಅದು ಹಂಚುವುದೂ ಸತ್ತ ಸಿಗ್ನಲನ್ನೇ. ಅದರ ಜಾಗ ಅರ್ಧ ದಾರಿಯಲ್ಲಿ, ಇನ್ನೂ ಸಿಗ್ನಲ್ ಗಟ್ಟಿಯಾಗಿರುವ ಕಡೆ. ಅಲ್ಲಿಟ್ಟರೂ ಅಗ್ಗದ ರಿಪೀಟರುಗಳು ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು, ಅದೇ ರೇಡಿಯೊದಲ್ಲಿ ಮತ್ತೆ ಹೇಳುತ್ತವೆ. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ರಿಪೀಟರ್ ಕೊನೆಯ ದಾರಿ. ಅಂಗಡಿಗಳಲ್ಲಿ ಅದನ್ನೇ ಮೊದಲು ಕೈಗೆ ಕೊಡುವುದು ನೋಡಿದರೆ ಬೇಸರವಾಗುತ್ತದೆ.

ಏನನ್ನೂ ಕೊಳ್ಳುವ ಮೊದಲು ಅಳೆಯಿರಿ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಜಗುಲಿ, ನಡುಮನೆ, ಅಡುಗೆಮನೆ, ಕೋಣೆಗಳು, ಬಾಗಿಲು ಎಲ್ಲಿವೆ ಎಂಬುದು ಕಂಡರೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಅವಕ್ಕೆ ಫೋನಿನ ಲೊಕೇಶನ್ ಆನ್ ಇರಬೇಕು. ಐಫೋನ್ ಇದ್ದರೆ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ ಸ್ಕ್ಯಾನರ್ ಆನ್ ಮಾಡಿ. ಆ ರಿಪೀಟರ್ ತೆಗೆದಿಟ್ಟು, ಒಂದೇ ಫೋನ್ ಹಿಡಿದು ಪ್ರತಿ ಕೋಣೆಯಲ್ಲೂ ನಿಂತು ಡಿಬಿಎಂ ಎಂಬ ಅಂಕಿ ಬರೆದುಕೊಳ್ಳಿ. ಮಗಳು ಕೂರುವ ಕುರ್ಚಿಯ ಹತ್ತಿರವೇ ಅಳೆಯಿರಿ, ಬಾಗಿಲಲ್ಲಿ ನಿಂತು ಬೇಡ. ಬಾಕ್ಸಿಗೆ ಬೆನ್ನು ಹಾಕಿಯೂ ನಿಲ್ಲಬೇಡಿ, ನಮ್ಮ ಮೈಯಲ್ಲಿರುವ ನೀರೇ ಸಿಗ್ನಲ್ಲನ್ನು ಹೀರುತ್ತದೆ.

ಆ ಅಂಕಿ ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ತುಂಬಾ ಚೆನ್ನಾಗಿದೆ. ಮೀಟಿಂಗಿಗೆ ಮೈನಸ್ 67ರ ತನಕ ನಿಶ್ಚಿಂತೆ. 75 ದಾಟಿದರೆ ತೊಂದರೆ ಶುರು, 80 ಅಂದರೆ ಹೆಸರಿಗೆ ಮಾತ್ರ ಕನೆಕ್ಷನ್. ಈ ಲೆಕ್ಕದಲ್ಲಿ 3 ಇಳಿದರೆ ಸಿಗ್ನಲ್ಲಿನ ಬಲ ಅರ್ಧವಾಯಿತು, 10 ಇಳಿದರೆ ಹತ್ತರಲ್ಲಿ ಒಂದು ಪಾಲಾಯಿತು. ನಡುಮನೆಯಲ್ಲಿ ಮೈನಸ್ 50 ಇದ್ದು ಒಳಕೋಣೆಯಲ್ಲಿ ಮೈನಸ್ 80 ಬಂದರೆ, ನಡುವೆ ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಎಂದರ್ಥ. ಇದನ್ನು ಕಣ್ಣಾರೆ ನೋಡಿದ ಮೇಲೆ ಪ್ಲಾನ್ ಬದಲಿಸುವ ಯೋಚನೆ ತಾನಾಗೇ ಬಿಡುತ್ತದೆ.

ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ ಎರಡೂ ಸಿಗ್ನಲ್ಲಿಗೆ ಕಷ್ಟವೇ. ದಪ್ಪ ಜಾಸ್ತಿ ಇರುವುದು ಒಂದು ಕಾರಣ. ಮಳೆಗಾಲದಲ್ಲಿ ತೇವ ಕುಡಿದು ಕೂತಿರುತ್ತವೆ, ಅದು ಇನ್ನೊಂದು. ಮೂಲೆಯಲ್ಲಿ ಬಾಕ್ಸ್ ಇಟ್ಟರೆ ಸಿಗ್ನಲ್ ಗೋಡೆಯನ್ನು ಓರೆಯಾಗಿ ದಾಟಬೇಕಾಗುತ್ತದೆ. ಒಂದೂವರೆ ಅಡಿಯ ಗೋಡೆ ಆಗ ಎರಡೂವರೆ, ಮೂರು ಅಡಿಯಷ್ಟು ಅಡ್ಡ ಬರುತ್ತದೆ. ಹಳೆಯ ಮನೆಗಳಲ್ಲಿ ವೈಫೈ ಬಹುಪಾಲು ಬಾಗಿಲುಗಳ ಮೂಲಕವೇ ಓಡಾಡುತ್ತದೆ ಎಂದು ತಿಳಿಯಿರಿ. ಬಾಗಿಲುಗಳು ಒಂದೇ ಸಾಲಿನಲ್ಲಿದ್ದರೆ ನಿಮ್ಮ ಅದೃಷ್ಟ. ಬಾಕ್ಸನ್ನು ಆ ಸಾಲಿಗೆ ತಂದರೆ ಅಂಕಿ ತಕ್ಷಣ ಸುಧಾರಿಸುತ್ತದೆ. ಫೈಬರ್ ಎಳೆದ ಹುಡುಗರು ಹೊರಬಾಗಿಲ ಹತ್ತಿರ ಬಾಕ್ಸ್ ಹೊಡೆದು ಹೋಗಿರುವುದು ಅವರ ಅನುಕೂಲಕ್ಕೆ. ನಡುಮನೆಗೆ ಬೇಕು ಎಂದು ಕೇಳಿ, ಸ್ವಲ್ಪ ವೈರ್ ಸೇರಿಸಿ ಒಳಗೆ ತಂದುಕೊಡುತ್ತಾರೆ. ಆ ಫೈಬರ್ ಗಾಜಿನ ಎಳೆ. ನೀವೇ ಮಡಚಿ ಎಳೆಯಲು ಹೋಗಬೇಡಿ.

ಇಷ್ಟಾದರೂ ಮಗಳ ಕೋಣೆಗೆ ಮೈನಸ್ 67 ಬರದಿದ್ದರೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನಿಮಗೆ ಅಟ್ಟ ಇದೆ, ಗೋಡೆ ಕೊರೆಯುವ ಕೆಲಸವೂ ಇಲ್ಲ. ಜಗುಲಿಯಿಂದ ಅಟ್ಟಕ್ಕೆ ಹತ್ತಿಸಿ, ಒಳಕೋಣೆಯ ಮೇಲೆ ಇಳಿಸಿ. ಕ್ಯಾಟ್ 6 ಕೇಬಲ್ 100 ಮೀಟರ್ ತನಕ ಒಂದು ಗಿಗಾಬಿಟ್ ಹೊರುತ್ತದೆ. ಕೊಳ್ಳುವಾಗ ಒಳಗಿನ ಎಳೆ ಪೂರ್ತಿ ತಾಮ್ರವೇ ಎಂದು ನೋಡಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಹಾಕಿದ್ದು ಅಗ್ಗಕ್ಕೆ ಸಿಗುತ್ತದೆ. ಬ್ಲೇಡಿನಲ್ಲಿ ಕೆರೆದರೆ ಬಿಳಿ ಕಾಣುತ್ತದೆ. ಅದು ಬೇಡ. ಅಟ್ಟದಲ್ಲಿ ಇಲಿ ಇರುತ್ತದೆ, ಪಿವಿಸಿ ಪೈಪಿನೊಳಗೆ ಹಾಕಿ. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ಇದನ್ನು ಸೇರಿಸಬೇಡಿ.

ಕೇಬಲ್ಲಿನ ತುದಿಯನ್ನು ಲ್ಯಾಪ್‌ಟಾಪಿಗೆ ನೇರವಾಗಿ ಚುಚ್ಚಿದರೆ ಮೀಟಿಂಗ್ ತೊಂದರೆ ಅಲ್ಲಿಗೇ ಮುಗಿಯಿತು. ಕೋಣೆಯಲ್ಲಿ ಫೋನಿಗೂ ವೈಫೈ ಬೇಕಾದರೆ ಮನೆಯಲ್ಲಿ ಬಿದ್ದಿರುವ ಹಳೆಯ ರೂಟರ್ ಸಾಕು. ಅದರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್, ಅಂದರೆ ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಮಾಡುವ ಆಯ್ಕೆ, ಇದ್ದರೆ ಆರಿಸಿ. ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ. ವಿಳಾಸಗಳನ್ನು ಹಂಚುವ ಕೆಲಸ ಜಗುಲಿಯ ಬಾಕ್ಸ್ ಒಂದೇ ಮಾಡಬೇಕು, ಇಬ್ಬರು ಹಂಚಿದರೆ ಗೊಂದಲ. ಬಾಕ್ಸಿನ ವಿಳಾಸ 192.168.1.1 ಇದ್ದರೆ ಹಳೆಯ ರೂಟರಿಗೆ 192.168.1.2 ಕೊಡಿ. ಆ ವಿಳಾಸ ಬೇರೆ ಯಾವುದಕ್ಕೂ ಹೋಗಿಲ್ಲ ಎಂದು ನೋಡಿಕೊಳ್ಳಿ. ಕೇಬಲ್ಲನ್ನು ಅದರ ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ.

ಇನ್ನೊಂದು ಮಾತು. ನಿಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಬಾಕ್ಸ್ ಇನ್ವರ್ಟರ್ ಲೈನಿನಲ್ಲಿದ್ದು, ಒಳಕೋಣೆಯ ರೂಟರ್ ಬೇರೆ ಲೈನಿನಲ್ಲಿದ್ದರೆ, ಕರೆಂಟ್ ಹೋದಾಗಲೆಲ್ಲ ಆ ಕೋಣೆಗೆ ಮಾತ್ರ ನೆಟ್ ಇರುವುದಿಲ್ಲ. ಎರಡನ್ನೂ ಇನ್ವರ್ಟರಿಗೆ ಕೊಡಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆ್ಯಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಕೆಲಸಕ್ಕೆ ಕೂತ ಹುಡುಗಿ ಸಿಗ್ನಲ್ ಹುಡುಕಿಕೊಂಡು ರಾತ್ರಿ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ರೂಟರ್ ಕೆಳಗೆ. ಅದಕ್ಕೆ ನಾಲ್ಕು ಅಂಟೆನಾ ಇವೆ. ನಾಲ್ಕನ್ನೂ ಮೇಲಿನ ಕೋಣೆಯ ಕಡೆ ಗುರಿ ಮಾಡಿ ನಿಲ್ಲಿಸಿದ್ದೇನೆ. ಆದರೂ ಮೇಲೆ ಸಿಗ್ನಲ್ ಕಡಿಮೆ.

ಉತ್ತರ: ಅಂಟೆನಾ ತನ್ನ ತುದಿಯ ದಿಕ್ಕಿಗೆ ಎಲ್ಲಕ್ಕಿಂತ ಕಡಿಮೆ ಸಿಗ್ನಲ್ ಕಳಿಸುತ್ತದೆ. ಒಂದು ಉದ್ದಿನ ವಡೆಯ ತೂತಿನಲ್ಲಿ ಕಡ್ಡಿ ನಿಲ್ಲಿಸಿದಂತೆ ನೆನೆಸಿಕೊಳ್ಳಿ. ಕಡ್ಡಿ ಅಂಟೆನಾ, ಸುತ್ತಲಿನ ವಡೆ ಸಿಗ್ನಲ್ ಹರಡುವ ಜಾಗ. ನೆಟ್ಟಗೆ ನಿಂತ ಅಂಟೆನಾ ಅದೇ ಅಂತಸ್ತಿಗೆ ಹರಡುತ್ತದೆ, ಅಡ್ಡ ಮಲಗಿಸಿದ್ದು ಮೇಲಕ್ಕೂ ಕೆಳಕ್ಕೂ ಕಳಿಸುತ್ತದೆ. ಎರಡು ನೆಟ್ಟಗೆ ಇರಲಿ, ಎರಡನ್ನು ಮಲಗಿಸಿ. ರೂಟರನ್ನು ಮೆಟ್ಟಿಲ ಬುಡಕ್ಕೆ, ಸ್ವಲ್ಪ ಎತ್ತರದಲ್ಲಿ ಇಡಿ. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣದ ಸರಳುಗಳ ಜಾಲವೇ ಇದೆ, ಮೆಟ್ಟಿಲ ಜಾಗ ಮಾತ್ರ ತೆರೆದಿರುತ್ತದೆ. ಆರು ಅಂಟೆನಾ, ಎಂಟು ಅಂಟೆನಾ ಎಂದು ನೋಡಿ ಹೊಸದು ಕೊಳ್ಳಬೇಡಿ. ರೂಟರ್ ಎಷ್ಟು ಬಲವಾಗಿ ಕಳಿಸಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ.

ಪ್ರಶ್ನೆ: ಬೆಂಗಳೂರಿನ ಬನಶಂಕರಿ ಕಡೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಎರಡು ಬೆಡ್‌ರೂಮ್. ರೂಟರನ್ನು ಮುಂಬಾಗಿಲ ಹಿಂದೆ, ಗೋಡೆಯೊಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬೆಳಗ್ಗೆ ಬೆಡ್‌ರೂಮಿನಲ್ಲೂ ನೆಟ್ ಬರುತ್ತದೆ. ರಾತ್ರಿ ಒಂಬತ್ತರ ಮೇಲೆ ಅಲ್ಲಿ ಏನೂ ತೆರೆಯುವುದಿಲ್ಲ. ಕಂಪನಿಯವರು ಲೈನ್ ಸರಿ ಇದೆ ಎನ್ನುತ್ತಾರೆ.

ಉತ್ತರ: ಮೊದಲು ರೂಟರನ್ನು ಆ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಕಬ್ಬಿಣದ ಡಬ್ಬಿಯೊಳಗೆ ರೇಡಿಯೊ ಇಟ್ಟು ಬಾಗಿಲು ಹಾಕುವ ಪದ್ಧತಿ ಹೊಸ ಕಟ್ಟಡಗಳಲ್ಲಿ ಯಾಕೆ ಬಂತೋ, ನನಗೆ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನೋಡಲು ಚೆಂದ ಇರಬಹುದು, ಮನೆಯವರು ಮಾತ್ರ ವರ್ಷಗಟ್ಟಲೆ ಒದ್ದಾಡುತ್ತಾರೆ. ಫೈಬರ್ ಒಳಗೇ ಇರಲಿ, ವೈಫೈ ಹೊರಗೆ ಬರಬೇಕು. ಟಿವಿಯ ಹಿಂದೆ, ಫ್ರಿಜ್ ಪಕ್ಕ, ಕನ್ನಡಿ ಬಾಗಿಲಿನ ವಾರ್ಡ್‌ರೋಬ್ ಹತ್ತಿರ ಇಡಬೇಡಿ. ಕನ್ನಡಿಯ ಹಿಂದಿನ ಲೋಹದ ಲೇಪ ಸಿಗ್ನಲ್ಲನ್ನು ತಡೆಯುತ್ತದೆ.

ರಾತ್ರಿ ಮಾತ್ರ ಕೆಡುವುದಕ್ಕೆ ಎರಡು ಕಾರಣ ಇರಬಹುದು. ಯಾವುದೆಂದು ತಿಳಿಯಲು ರಾತ್ರಿಯೇ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ವೇಗ ನೋಡಿ. ಅದರಲ್ಲೂ ನಿಧಾನ ಇದ್ದರೆ ತೊಂದರೆ ಕಂಪನಿಯ ಕಡೆಯದು. ಅಳತೆಯ ಫೋಟೊ ತೆಗೆದು ಕಳಿಸಿ, ಬಿಡಬೇಡಿ. ಕೇಬಲ್ಲಿನಲ್ಲಿ ಪೂರ್ತಿ ವೇಗ ಬಂದರೆ ಜಗಳ ಗಾಳಿಯಲ್ಲಿದೆ. ರಾತ್ರಿ ನಿಮ್ಮ ಮೇಲಿನ, ಕೆಳಗಿನ, ಅಕ್ಕಪಕ್ಕದ ಮನೆಯವರೆಲ್ಲ ವಿಡಿಯೊ ನೋಡುತ್ತಾರೆ, ಎಲ್ಲರ ರೂಟರೂ ಒಂದೇ ಗಾಳಿಯಲ್ಲಿ ಮಾತಾಡುತ್ತವೆ.

ಮಾಮೂಲಿ ರೂಟರುಗಳು ಮಾತಾಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ರೇಡಿಯೊ ಅಲೆಯ ಎರಡು ಪಟ್ಟಿಗಳಲ್ಲಿ. ಒಂದೊಂದರ ಒಳಗೂ ಚಾನೆಲ್ ಎಂಬ ನಂಬರ್ ಹಾಕಿದ ದಾರಿಗಳಿವೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಐದೈದು ಮೆಗಾಹರ್ಟ್ಸ್ ಅಂತರದಲ್ಲಿವೆ. ಆದರೆ ಒಂದೊಂದು ರೂಟರೂ 20 ಮೆಗಾಹರ್ಟ್ಸ್ ಅಗಲ ಬಳಸುತ್ತದೆ. ಅದಕ್ಕೇ ಒಂದರ ಮೇಲೊಂದು ಬೀಳದವು 1, 6, 11 ಮಾತ್ರ. ಮೂರು ಖಾಲಿ ಇದೆ ಎಂದು 3ಕ್ಕೆ ಹೋಗಬೇಡಿ, 1 ಮತ್ತು 6 ಎರಡರ ಗದ್ದಲವೂ ತಗಲುತ್ತದೆ. ಒಂದೇ ಚಾನೆಲ್ಲಿನಲ್ಲಿ ಇರುವ ರೂಟರುಗಳು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವಕ್ಕೆ ಆ ಸರದಿ ಇಲ್ಲ, ಬರೀ ಗಲಾಟೆ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ಲಿನ ಅಗಲ 40 ಎಂದಿದ್ದರೆ 20ಕ್ಕೆ ಇಳಿಸಿ. ಅಡುಗೆಮನೆಯ ಮೈಕ್ರೋವೇವ್ ಓಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ, ಅದು ನಡೆಯುವಾಗ ಹತ್ತಿರದ ವೈಫೈ ತಡವರಿಸಬಹುದು.

ನಿಮ್ಮ ಮನೆಗೆ ನಿಜವಾದ ಉಪಾಯ 5 ಗಿಗಾಹರ್ಟ್ಸ್. ಅದು ಗೋಡೆಗಳಲ್ಲಿ ಬೇಗ ಸೋಲುತ್ತದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅದೇ ಅನುಕೂಲ. ಪಕ್ಕದವರದೂ ನಿಮ್ಮ ತನಕ ಬರುವಾಗ ಸೋತಿರುತ್ತದೆ. 2018ರಲ್ಲಿ ಭಾರತದಲ್ಲಿ ಲೈಸೆನ್ಸ್ ಬೇಡದ 5 ಗಿಗಾಹರ್ಟ್ಸ್ ಜಾಗವನ್ನು ಹಿಗ್ಗಿಸಿದ ಮೇಲೆ ಚಾನೆಲ್‌ಗಳೂ ಬೇಕಾದಷ್ಟಿವೆ. 36ರಿಂದ 48, ಇಲ್ಲವೇ 149ರಿಂದ ಮೇಲಿನವನ್ನು ನೋಡಿ. ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರಿಟ್ಟು ಫೋನ್, ಲ್ಯಾಪ್‌ಟಾಪ್ ಎಲ್ಲ 5ಕ್ಕೆ ಸೇರಿಸಿ. ಕ್ಯಾಮೆರಾ, ಹಳೆಯ ಟಿವಿ, ಸ್ಮಾರ್ಟ್ ಪ್ಲಗ್‌ಗಳಿಗೆ ಎಷ್ಟೋ ಸಲ 2.4 ಮಾತ್ರ ಗೊತ್ತು, ಅವು ಅಲ್ಲೇ ಇರಲಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ಒಣಗಿಸುವ ಅಂಗಳ ಮನೆಯಿಂದ ಅರವತ್ತು ಮೀಟರ್ ದೂರ. ಅಲ್ಲಿ ಕ್ಯಾಮೆರಾ ಇಟ್ಟಿದ್ದೇವೆ. ನಡುವೆ ಮರಗಳಿವೆ. ಬೇಸಿಗೆಯಲ್ಲಿ ವೈಫೈ ಅಲ್ಲಿಗೆ ಹೇಗೋ ಮುಟ್ಟುತ್ತದೆ, ಮಳೆ ಬಂದರೆ ಇಲ್ಲ. ಮನೆಯಿಂದ ಲ್ಯಾನ್ ಕೇಬಲ್ ಎಳೆಯಬಹುದೇ?

ಉತ್ತರ: ಇಷ್ಟು ದೂರಕ್ಕೆ ಮಳೆ ಹನಿಗಳಿಂದ ಏನೂ ಆಗದು, ತೊಂದರೆ ಒದ್ದೆಯಾದ ಎಲೆಗಳಿಂದ. ಕೇಬಲ್ ದೂರ ಸರಿಯಾಗಿದೆ, ಆದರೂ ಬೇಡ. ಬಯಲಿನಲ್ಲಿ ಹಾದುಹೋಗುವ ತಾಮ್ರದ ತಂತಿ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮನೆಯೊಳಕ್ಕೆ ದಾರಿ ಮಾಡಿಕೊಡುತ್ತದೆ. ಹತ್ತಿರದಲ್ಲಿ ಎಲ್ಲೋ ಸಿಡಿಲು ಬಿದ್ದರೂ ಆ ತಂತಿಯಲ್ಲಿ ಏಳುವ ಹೊಡೆತಕ್ಕೆ ರೂಟರ್, ಕ್ಯಾಮೆರಾ ಒಟ್ಟಿಗೇ ಹೋಗಬಹುದು. ಫೈಬರ್ ಎಳೆಯಿರಿ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಕೇಬಲ್ ಟಿವಿ, ಇಂಟರ್ನೆಟ್ ಲೈನ್ ಎಳೆಯುವವರ ಹತ್ತಿರ ಫೈಬರ್ ಜೋಡಿಸುವ ಯಂತ್ರ ಇರುತ್ತದೆ, ಅವರನ್ನೇ ಕರೆಯಿರಿ. ಬೆಂಬಲಕ್ಕೆ ಉಕ್ಕಿನ ತಂತಿ ಇಲ್ಲದ ಫೈಬರ್ ಬೇಕು ಎಂದು ಬಿಡಿಸಿ ಹೇಳಿ. ಉಕ್ಕು ಇದ್ದರೆ ಮತ್ತೆ ಅದೇ ಕಥೆ. ಕ್ಯಾಮೆರಾದ ಕರೆಂಟ್ ಲೈನಿನಿಂದ ಬರುವ ಹೊಡೆತಕ್ಕೆ ಫೈಬರ್ ಏನೂ ಮಾಡಲಾರದು. ಗುಡುಗು ಶುರುವಾಗುವ ಮೊದಲೇ ಅಲ್ಲಿನ ಅಡಾಪ್ಟರ್ ಪ್ಲಗ್ಗಿನಿಂದ ತೆಗೆದಿಡುವ ಅಭ್ಯಾಸ ಬಿಡಬೇಡಿ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಬೇಕು. ಒಂದೇ ಎಳೆಯ ಫೈಬರ್ ಆದರೆ ಒಂದು ಕಡೆಗೆ ಎ, ಇನ್ನೊಂದು ಕಡೆಗೆ ಬಿ ಎಂದು ಬರೆದಿರುವ ಜೋಡಿಯನ್ನೇ ಕೇಳಿ ತನ್ನಿ. ಎರಡೂ ಎ ಆದರೆ ಲಿಂಕ್ ದೀಪ ಹತ್ತುವುದಿಲ್ಲ.