ಪೈಪ್ ಗ್ಯಾಸೂ ಸಿಲಿಂಡರ್ ಗ್ಯಾಸೂ ಒಂದೇನಾ? ಹಳೆ ಒಲೆ ನಡೆಯುತ್ತಾ?

ಒಂದೇ ಅಲ್ಲ. ಒಲೆ ನಡೆಯುತ್ತದೆ, ಆದರೆ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗ, ಬದಲಿಸಬೇಕು. ಬೆಳಗಾವಿಯ ನಮ್ಮ ಮನೆಗೂ ಪೈಪ್ ಬಂದಿದೆ. ಜೋಡಿಸಲು ಬಂದವನು ಎರಡು ಬರ್ನರಿನ ಜೆಟ್ ಬದಲಿಸಿ ಮೂರನೆಯದನ್ನು ಮರೆತುಬಿಟ್ಟ. ಎಂಟು ದಿನ ಮನೆಯಲ್ಲಿ ಒಂದೇ ಮಾತು: "ಈ ಒಲಿ ಮ್ಯಾಲೆ ರೊಟ್ಟಿ ಉಬ್ಬೂದೇ ಇಲ್ಲ."

ಯಾಕೆ ಹಾಗೆ? ಎರಡೂ ಗ್ಯಾಸು ಹೈಡ್ರೋಕಾರ್ಬನ್‌ಗಳೇ, ಹಾಗಾಗಿ ಮೊದಲು ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಬರಬೇಕು: ಹೈಡ್ರೋಕಾರ್ಬನ್ ಅಂದರೇನು? ಇಂಗಾಲ, ಜಲಜನಕ ಇವೆರಡೇ ಸೇರಿ ಆದದ್ದು. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಪೆಟ್ರೋಲಿಗೆ ಬೆರೆಸಲು ಹೋಗುವ ಎಥನಾಲ್ ಕೂಡ ಚೆನ್ನಾಗಿ ಉರಿಯುತ್ತದೆ. ಆದರೆ ಅದರಲ್ಲಿ ಆಮ್ಲಜನಕವೂ ಇದೆ, ಹಾಗಾಗಿ ಈ ಮನೆತನಕ್ಕೆ ಸೇರದು.

ಕಬ್ಬು ನೆನಪಿಸಿಕೊಳ್ಳಿ. ಒಂದೊಂದು ಇಂಗಾಲ ಒಂದೊಂದು ಗೆಣ್ಣು, ಸುತ್ತ ಜಲಜನಕ. ಒಂದೇ ಗೆಣ್ಣಿನದು ಮೀಥೇನ್. ಪೈಪಿನ ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಇದೇ. ಸಿಎನ್‌ಜಿ ಅಂದರೂ ಇದೇ, ಒತ್ತಿ ತುಂಬಿದ್ದು. ಹಳ್ಳಿಯ ಗೋಬರ್ ಗ್ಯಾಸ್ ಉರಿಯುವುದೂ ಇದರಿಂದಲೇ. ಮೂರು ಗೆಣ್ಣಿನ ಪ್ರೊಪೇನ್, ನಾಲ್ಕು ಗೆಣ್ಣಿನ ಬ್ಯುಟೇನ್ ಕೂಡಿದರೆ ಸಿಲಿಂಡರಿನ ಎಲ್‌ಪಿಜಿ. ಗೆಣ್ಣು ಇನ್ನೂ ಹೆಚ್ಚಿದರೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್. ಕೊನೆಗೆ ರಸ್ತೆಯ ಡಾಂಬರು. ಕಚ್ಚಾ ತೈಲದಲ್ಲಿ ಇವೆಲ್ಲ ಕಲಸಿಕೊಂಡಿರುತ್ತವೆ. ಕಾಯಿಸಿದಾಗ ಒಂದೊಂದೂ ಬೇರೆ ಬೇರೆ ಶಾಖಕ್ಕೆ ಆವಿಯಾಗುತ್ತದೆ, ಹಾಗೆ ಬಿಡಿಸಿಕೊಳ್ಳುತ್ತಾರೆ.

ಪ್ರೊಪೇನ್, ಬ್ಯುಟೇನ್ ಸ್ವಲ್ಪ ಒತ್ತಿದರೆ ಸಾಕು, ದ್ರವವಾಗುತ್ತವೆ. ಅದಕ್ಕೇ 14.2 ಕೆಜಿ ಒಂದು ಸಿಲಿಂಡರಿನಲ್ಲಿ ಹಿಡಿಯುತ್ತದೆ. ಅಲ್ಲಾಡಿಸಿದರೆ ಕುಲುಕುವ ಸದ್ದು ಕೇಳಿಸುತ್ತದೆ, ಅಲ್ವಾ? ಮೀಥೇನ್ ಹಟಮಾರಿ. ಮಾಮೂಲಿ ಒತ್ತಡದಲ್ಲಿ ಅದನ್ನು ದ್ರವ ಮಾಡಲು ಮೈನಸ್ 162 ಡಿಗ್ರಿಗೆ ತಣಿಸಬೇಕು. ಹಡಗಿನಲ್ಲಿ ಹಾಗೇ ತರುತ್ತಾರೆ. ಮನೆಯಲ್ಲಿ ಅದೆಲ್ಲ ಆಗದ ಮಾತು, ಪೈಪೇ ಗತಿ. ಕೊಂಕಣದ ದಾಭೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಪೈಪ್‌ಲೈನ್ ನಮ್ಮ ಜಿಲ್ಲೆ ಹಾದೇ ಹೋಗುತ್ತದೆ.

ಈಗ ಜೆಟ್ ವಿಷಯ. ಒಂದು ಲೀಟರ್ ಮೀಥೇನ್ ಅನಿಲ ಉರಿದರೆ ಸಿಗುವ ಶಾಖ, ಅಷ್ಟೇ ಎಲ್‌ಪಿಜಿ ಅನಿಲ ಕೊಡುವುದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಜಾಸ್ತಿ ಗ್ಯಾಸ್ ಬರಬೇಕು, ಜೆಟ್ಟಿನ ತೂತು ದೊಡ್ಡದಿರಬೇಕು. ನಮ್ಮ ಮೂರನೇ ಬರ್ನರಿನ ತೂತು ಸಣ್ಣದೇ ಉಳಿದಿತ್ತು, ರೊಟ್ಟಿ ಹೇಗೆ ಉಬ್ಬೀತು? ಉಲ್ಟಾ ಮಾಡಿದರೆ ಇನ್ನೂ ಕೆಟ್ಟದ್ದು. ಪೈಪ್ ಗ್ಯಾಸಿನ ಜೆಟ್ಟಿಗೆ ಸಿಲಿಂಡರ್ ಜೋಡಿಸಿದರೆ ಹಳದಿ ಉರಿ ಎದ್ದು ಪಾತ್ರೆ ತಳವೆಲ್ಲ ಮಸಿ. ಸುಮ್ನೆ ನೀವೇ ಪ್ರಯೋಗ ಮಾಡಬೇಡಿ, ಮೆಕ್ಯಾನಿಕ್ ಕೈಯಿಂದಲೇ ಮಾಡಿಸಿ.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಮೀಥೇನ್ ಹಗುರ, ಮೇಲೇರುತ್ತದೆ. ಮೂಗಿಗೆ ಬಡಿಯುವ ಆ ವಾಸನೆ ಎರಡರದ್ದೂ ಸ್ವಂತದ್ದಲ್ಲ, ಸೋರಿದ್ದು ಗೊತ್ತಾಗಲೆಂದು ಬೆರೆಸಿದ್ದು. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ವಾಲ್ವ್ ಮುಚ್ಚಿ ಕಿಟಕಿ ತೆರೆಯಿರಿ. ಅಡುಗೆಮನೆಯಲ್ಲಿ ಮೇಲಿನ ಕಿಂಡಿ ತೆರೆದಿದೆಯಾ ನೋಡಿ. ಪಾರಿವಾಳದ ಕಾಟಕ್ಕೆ ನಾವು ರಟ್ಟು ಬಡಿದು ಮುಚ್ಚಿದ್ದೆವು. ಪೈಪ್ ಬಂದ ಮೇಲೆ ಕಿತ್ತು ಜಾಳಿಗೆ ಹಾಕಿಸಿದೆವು.